ಮುನಿಸು ಎಂಬ ಗಿಣ್ಣು

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಬಣ್ಣ ಹಾಕುತ್ತಾರೆ, ಆಮೇಲೆ ಹಲ್ಲುಜ್ಜುತ್ತಾರೆ. ರಾತ್ರಿ ಕಳೆದರೆ ಸಾಕು, ಊರೆಂಬ ಊರೆಲ್ಲ ಪೆನ್ಸಿಲ್ಲಿನಲ್ಲಿ ಗೀಚಿಟ್ಟ ಹಾಗೆ ಬರೀ ಗೆರೆಯಾಗಿ ಎದ್ದು ಕೂತಿರುತ್ತದೆ. ಗೋಡೆ ಬಿಳಿ, ಎಮ್ಮೆ ಬಿಳಿ, ಮೆಣಸಿನಕಾಯಿ ಬಿಳಿ. ಮನುಷ್ಯರ ಮೈಗೆ ಏನೂ ಆಗುವುದಿಲ್ಲ, ಆದರೆ ತಲೆಕೂದಲು, ಮೀಸೆ, ಉಟ್ಟ ಬಟ್ಟೆ ಎಲ್ಲ ಬೆಳ್ಳಗಾಗಿರುತ್ತವೆ. ಹಾಗಾಗಿ ಹೊತ್ತು ಮೂಡುವಾಗ ನಮ್ಮೂರಿನ ಮದುವಣಿಗರೂ ಮುದುಕರೇ. ಆಗ ಪ್ರತಿ ಮನೆಯವರೂ ಕಂಪ್ಯೂಟರಿನ ಮುಂದೆ ಕೂತು, ಕುಂಚ ಅನ್ನುವ ಪ್ರೋಗ್ರಾಮಿನಲ್ಲಿ ತಮ್ಮ ಮನೆಯ ಚಿತ್ರವನ್ನು ಎಳೆದುಕೊಂಡು ಬಣ್ಣ ತುಂಬುತ್ತಾರೆ. ಚಿತ್ರಕ್ಕೆ ತುಂಬಿದ್ದು ಮನೆಗೂ ತುಂಬುತ್ತದೆ. ಸೋಮಾರಿಗಳು ಬಾಗಿಲು, ಬಕೆಟ್ಟು, ಬೆಕ್ಕು ಎಲ್ಲಕ್ಕೂ ಒಂದೇ ನೀಲಿ ಬಳಿದು ಎದ್ದುಬಿಡುತ್ತಾರೆ. ಮಾವಿನಕಾಯಿ ಮಾರುವವರು ಬೆಳಿಗ್ಗೆಯೇ ಅದನ್ನು ಹಣ್ಣು ಮಾಡಿಬಿಡುವುದರಿಂದ ನಮ್ಮಲ್ಲಿ ಹಣ್ಣನ್ನು ಯಾರೂ ನೋಡಿ ಕೊಳ್ಳುವುದಿಲ್ಲ, ಮೂಸಿ ಕೊಳ್ಳುತ್ತಾರೆ.

ಕುಂಚ ಯಾರೊಬ್ಬರ ಸ್ವತ್ತೂ ಅಲ್ಲ. ಯಾರೋ ಪುಣ್ಯಾತ್ಮರು ಬರೆದು ಊರಿಗೆ ಬಿಟ್ಟಿದ್ದು. ಬೇಕಾದವರು ಬಳಸಬಹುದು, ಬಿಚ್ಚಿ ನೋಡಬಹುದು, ತಮಗೆ ಸರಿಬಂದ ಹಾಗೆ ತಿದ್ದಬಹುದು. ಅದರಲ್ಲಿ ಮೊದಲಿಗೆ ಇದ್ದದ್ದು ಕೆಂಪು, ಹಳದಿ, ನೀಲಿ ಅನ್ನುವಂಥ ಮೊಂಡು ಬಣ್ಣಗಳು ಅಷ್ಟೆ. ಉಳಿದದ್ದನ್ನೆಲ್ಲ ನಮ್ಮೂರವರೇ ಸಣ್ಣ ಸಣ್ಣ ಪ್ಲಗಿನ್‌ಗಳಾಗಿ ಬರೆದು ಅಂಟಿಸಿದರು. ಮಾಗಿದ ಬಾಳೆಹಣ್ಣಿಗೆ ಕಪ್ಪು ಚುಕ್ಕೆ ಇಡಲು ಒಂದು, ಒಲೆಯ ಮೇಲಿನ ಗೋಡೆಗೆ ಮಸಿ ಹಿಡಿಸಲು ಒಂದು, ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆಯ ಹೊಳಪಿಗೆ ಒಂದು. ಪ್ಲಗಿನ್ ಅನ್ನುವುದು ಅಜ್ಜಿಯರ ಬಾಯಲ್ಲಿ ಗಿಣ್ಣು ಆಯಿತು. ಸರಿಯಾಗಿಯೇ ಆಯಿತು. ಗಿಣ್ಣಿಲ್ಲದಿದ್ದರೆ ಬೆರಳು ಮಡಚುವುದಿಲ್ಲ, ಕುಂಚವೂ ಹಾಗೆಯೇ. ಬರೆದವರೆಲ್ಲ ತಮ್ಮ ಗಿಣ್ಣನ್ನು ಆನ್‌ಲೈನಿನಲ್ಲಿ ಊರಿಗೆಲ್ಲ ಒಂದೇ ಇರುವ ಜಾಗದಲ್ಲಿ ಹಾಕುತ್ತಿದ್ದರು. ಬೆಳಿಗ್ಗೆ ಪ್ರತಿ ಮನೆಯ ಕುಂಚವೂ ಅಲ್ಲಿಗೆ ಹೋಗಿ ಬೇಕಾದ್ದನ್ನು ಇಳಿಸಿಕೊಂಡು ಬರುತ್ತಿತ್ತು. ಆ ಜಾಗಕ್ಕೆ ಅಟ್ಟ ಅನ್ನುತ್ತಿದ್ದರು. ಒಮ್ಮೆ ಹಾಕಿದ್ದು ಮತ್ತೆ ಸಿಗದ ಜಾಗಕ್ಕೆ ಬೇರೆ ಯಾವ ಹೆಸರಿಡುತ್ತಾರೆ?

ನಾನು ಒಂಬತ್ತನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟು, ಪೇಟೆ ಬೀದಿಯ ಬೋರ್ಡುಗಳಿಗೆ ಬಣ್ಣ ಹಾಕುವ ಕೆಲಸ ಹಿಡಿದಿದ್ದೆ. ಹಾಗಾಗಿ ಅಟ್ಟಕ್ಕೂ ನನಗೂ ದಿನ ಬೆಳಗಾದರೆ ಜಗಳ. ಅಲ್ಲಿದ್ದ ಗಿಣ್ಣುಗಳ ಹೆಸರು ಕೇಳಿದರೆ ಎಂಥವನಿಗೂ ಉರಿಯುತ್ತದೆ. ‘ಹೊಸದು’, ‘ಹೊಸದು ೨’, ‘ಇದೇ ಸರಿಯಾದದ್ದು’, ‘ಸೋಮಣ್ಣ ಕೇಳಿದ್ದು’, ‘ಇದನ್ನು ಮುಟ್ಟಬೇಡಿ’. ಯಾವುದು ಏನು ಮಾಡುತ್ತದೆ ಅನ್ನುವುದಕ್ಕೆ ಒಂದು ಚಿತ್ರ ಇಲ್ಲ, ಒಂದು ಮಾತಿಲ್ಲ. ಹಾಕಿಯೇ ನೋಡಬೇಕು. ಒಂದು ಬೇಸಿಗೆಯಲ್ಲಿ ‘ತಂಪು’ ಅನ್ನುವ ಗಿಣ್ಣನ್ನು ನಂಬಿ ಬೋರ್ಡುಗಳಿಗೆ ಹಾಕಿದೆ. ಪೇಟೆ ಬೀದಿಗೆ ಬೀದಿಯೇ ಪಾಚಿ ಕಟ್ಟಿಕೊಂಡಿತು. ಜವಳಿ ಅಂಗಡಿಯವರು ನನ್ನನ್ನು ಕರೆದು, ಇದು ಅಂಗಡಿಯೋ ಬಚ್ಚಲೋ ಎಂದು ಕೇಳಿದರು.

ಇಷ್ಟಾದರೂ ಬಾಯಲ್ಲಿ ಬೈದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ನಮ್ಮಕ್ಕ ಚಂದ್ರಕಲಾಳ ಮದುವೆ ನಿಶ್ಚಯವಾಯಿತು. ಹುಡುಗ ಪಾಲಾಕ್ಷ, ಊರಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು. ಮಾತು ಕಡಿಮೆ, ಹತ್ತು ಕೇಳಿದರೆ ಒಂದಕ್ಕೆ ತಲೆ ಆಡಿಸುತ್ತಾನೆ. ನಾನು ಮದುವೆಗೆ ಮುಂಚೆಯೇ ಭಾವ ಎಂದು ಕರೆಯಲು ಶುರುಮಾಡಿದ್ದೆ. ಅಕ್ಕನಿಗೆ ಅಮ್ಮನ ಧಾರೆ ಸೀರೆಯನ್ನೇ ಉಡಬೇಕೆಂಬ ಆಸೆ. ಎದುರಿಂದ ನೋಡಿದರೆ ನೇರಳೆ, ಓರೆಯಿಂದ ನೋಡಿದರೆ ಹಸಿರು ಹೊಳೆಯುವ ರೇಷ್ಮೆ ಅದು. ಸೀರೆಯೇನೋ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು, ಗೆರೆಗೆರೆಯಾಗಿ. ಆ ಎರಡು ಬಣ್ಣ ಕೊಡುವ ಗಿಣ್ಣನ್ನು ಬಣ್ಣಗಾರ ಶೀಲವಂತಪ್ಪ ಮಾಡಿದ್ದನಂತೆ. ಅವನು ತೀರಿಹೋಗಿ ಬಹಳ ಕಾಲವಾಗಿತ್ತು. ಗಿಣ್ಣು ಅಟ್ಟದಲ್ಲಿ ಎಲ್ಲೋ ಇತ್ತು, ಹೆಸರು ಮಾತ್ರ ಅಮ್ಮನಿಗೆ ನೆನಪಿಲ್ಲ.

“ಸೀರೆಗೂ ಆ ಹೆಸ್ರಿಗೂ ಸಂಬಂಧನೇ ಇರ್ಲಿಲ್ಲ ಕಣೋ. ಹೆಸ್ರು ಕೇಳಿ ಚಪ್ಪರದಲ್ಲಿದ್ದೋರೆಲ್ಲ ನಕ್ಕಿದ್ರು. ನಿಮ್ಮಪ್ಪನೂ ನಕ್ಕ. ಅದಕ್ಕೇ ಬೇಕೂಂತ ಮರ್ತೆ,” ಎಂದಳು ಅಮ್ಮ.

ಪಡಸಾಲೆಯಲ್ಲಿ ಕೂತಿದ್ದ ಅಪ್ಪ ತನಗೂ ನೆನಪಿಲ್ಲ ಎಂದ. ನೆನಪಿಲ್ಲದಿದ್ದರೂ ಇನ್ನೊಮ್ಮೆ ನಕ್ಕ.

ಅಕ್ಕ ಕೂಗಾಡುವವಳಲ್ಲ. ನಮ್ಮೂರಿನಲ್ಲಿ ಬಣ್ಣ ಹಾಕದ ಬಟ್ಟೆಯನ್ನು ಸೂತಕದ ಮನೆಯವರು ಮಾತ್ರ ಉಡುತ್ತಾರೆ. ಅವಳು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ನಿಧಾನಕ್ಕೆ ಹೇಳಿದಳು. “ಅದು ಸಿಗ್ದಿದ್ರೆ ನಾನು ಗೆರೆಸೀರೇಲೇ ಧಾರೆಗೆ ಕೂತ್ಕೋತೀನಿ. ಹೆಣ್ಣಿನ ತಮ್ಮ ಬಣ್ಣದ ಕೆಲ್ಸದೋನಂತೆ ಅಂತ ಬಂದೋರು ಆಡ್ಕೊಳ್ಲಿ.”

ಅವತ್ತಿನಿಂದ ಅಟ್ಟ ಜಾಲಾಡತೊಡಗಿದೆ. ‘ರೇಷ್ಮೆ’ ಹಾಕಿದರೆ ನಮ್ಮ ಗೋಡೆಗೆ ಹುಳು ಹಿಡಿದಂತೆ ಕಂಡಿತು. ‘ನವಿಲು’ ಹಾಕಿದರೆ ಗೋಡೆಯ ತುಂಬ ಕಣ್ಣು ಮೂಡಿ, ದಿನವಿಡೀ ಗೋಡೆ ನಮ್ಮನ್ನೇ ನೋಡುತ್ತಿತ್ತು, ಕೋಳಿಗಳು ಒಳಗೆ ಬರಲಿಲ್ಲ. ‘ನೇರಳೆ’ ಅನ್ನುವುದು ಹಣ್ಣು ತಿಂದ ನಾಲಿಗೆಯ ಬಣ್ಣವಂತೆ, ಅದನ್ನು ಹಾಕಿದ ದಿನ ಅಪ್ಪ ಅಂಗಳಕ್ಕೇ ಇಳಿಯಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿ, ವಾಚನಾಲಯಕ್ಕೆ ಹೋದೆ. ವಾಚನಾಲಯ ನೋಡಿಕೊಳ್ಳುವ ಎಸ್ತರ್ ಮೇಡಮ್ಮೇ ಅಟ್ಟವನ್ನೂ ನೋಡಿಕೊಳ್ಳುತ್ತಿದ್ದರು. ಕೈಲಿದ್ದ ಪುಸ್ತಕಕ್ಕೆ ದಾರ ಹೊಲಿಯುತ್ತ ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡರು. ಈ ಕಸವನ್ನೆಲ್ಲ ತೆಗೆಯಬೇಕು, ತೆಗೆಯದಿದ್ದರೆ ನಾನೇ ತೆಗೆಯುತ್ತೇನೆ ಎಂದೆ.

“ಕಸ ಅಂತ ನೀನು ಹೇಳ್ತಿದೀಯ ತಿಪ್ಪೇಶ. ಅದನ್ನ ದಿನಾ ಹಾಕ್ಕೊಳ್ಳೋರು ಹೇಳಿದಾರಾ?”

ಅವರ ಪ್ರಕಾರ ಎಸೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಪ್ರತಿ ಗಿಣ್ಣಿಗೂ ಎರಡು ಚಿತ್ರ ಬೇಕು, ಹಾಕುವ ಮುಂಚಿನದೊಂದು, ಹಾಕಿದ ಮೇಲಿನದೊಂದು. ಜೊತೆಗೆ ಅದನ್ನು ಬಳಸುವವರು ಯಾತಕ್ಕೆ ಬಳಸುತ್ತೇವೆಂದು ಒಂದು ಮಾತು ಬರೆಯಬೇಕು. ಮನೆ ಮನೆಗೆ ಎಷ್ಟು ಸಲ ಕೇಳಿದರೂ ಒಬ್ಬರೂ ಕಳಿಸಲಿಲ್ಲ ಎಂದು ಅವರು ಬೇಸರ ಮಾಡಿಕೊಂಡರು. ಯಾರೂ ಕಳಿಸುವುದಿಲ್ಲ, ಎಸೆಯುವುದೇ ಸರಿ ಎಂದು ನಾನು ಹಟ ಹಿಡಿದೆ. ಕೊನೆಗೆ ಅಟ್ಟಕ್ಕೆ ಹೊಸ ಮುಖ ಬರೆಯುವುದು ನನ್ನ ಪಾಲಿಗೆ, ಅದರ ಹಿಂದಿನ ಯಂತ್ರದ ಕೆಲಸ ಪಾಲಾಕ್ಷನ ಪಾಲಿಗೆ ಬಂತು. ಮೊದಲು ಮುಖ ಆಗಲಿ, ಉಳಿದದ್ದು ಆಮೇಲೆ ನೋಡೋಣ ಎಂದರು ಮೇಡಮ್.

ಚೆನ್ನಾಗಿಯೇ ಬರೆದೆ. ದೊಡ್ಡ ಅಕ್ಷರದಲ್ಲಿ ಗಿಣ್ಣಿನ ಹೆಸರು, ಚಿತ್ರಕ್ಕೆ ಜಾಗ, ಕೆಳಗೊಂದು ದುಂಡನೆ ಗುಂಡಿ. ಒತ್ತಿದರೆ ಗಿಣ್ಣು ಬಿಚ್ಚಿಕೊಂಡು ಒತ್ತಿದವರ ಮನೆಗೆ ಬರಬೇಕು. ಗುಂಡಿಯ ಮೇಲೆ ಏನು ಬರೆಯುವುದು ಅನ್ನುವಲ್ಲಿ ಜಗಳ ಹತ್ತಿತು. ಮೇಡಮ್ ‘ತೆರೆ’ ಎಂದು ಬರೆ ಅಂದರು.

“ತೆರೆ ಅಂದ್ರೆ ಸಮುದ್ರದ್ದಾ, ನಾಟಕದ್ದಾ ಅಂತ ಕೇಳ್ತಾರೆ ಮೇಡಮ್. ನಮ್ಮೂರಲ್ಲಿ ಬಾಗ್ಲು ತೆರೆ ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ? ತೆಗಿ ಅಂತಾರೆ.”

ಅವರು ಸೂಜಿಯನ್ನು ಪುಸ್ತಕಕ್ಕೆ ಚುಚ್ಚಿ, ನಿನ್ನಿಷ್ಟ ಎಂದರು. ಗೆದ್ದ ಖುಷಿಯಲ್ಲಿ ಸಮುದ್ರ ನಾಟಕದ ಮಾತನ್ನು ಮನೆಯಲ್ಲೂ ಹೇಳಿದೆ, ಅಕ್ಕ ಬಹಳ ದಿನದ ಮೇಲೆ ನಕ್ಕಳು. ಗುಂಡಿಯ ಮೇಲೆ ‘ತೆಗೆ’ ಎಂದು ಬರೆದು ಪಾಲಾಕ್ಷನ ಕೈಗೆ ಕೊಟ್ಟೆ. ಅವನು ನೋಡಿ ತಲೆ ಆಡಿಸಿದ. ಮುಗಿಸಿದ ಮೇಲೆ ನನ್ನ ಎದುರಿಗೇ ‘ಹೊಸದು ೨’ರ ಮೇಲೆ ಒತ್ತಿ ತೋರಿಸಿದ. ‘ಖಂಡಿತ ತೆಗೆಯಲೇ?’ ಎಂದು ಕಂಪ್ಯೂಟರು ಕೇಳಿತು. ಹೌದು ಎಂದ. ಗಿಣ್ಣು ಪುಟದಿಂದ ಮಾಯವಾಯಿತು. ಭಾವನ ಯಂತ್ರ ಎಷ್ಟು ಮರ್ಯಾದಸ್ಥ, ಕೇಳಿಯೇ ತೆರೆಯುತ್ತದೆ ಎಂದು ನನಗೆ ಹೆಮ್ಮೆಯಾಯಿತು.

ಹೊಸ ಅಟ್ಟ ಬಂದಿದೆ ಎಂದು ಊರಿಗೆಲ್ಲ ಸುದ್ದಿಯಾದ ದಿನ ಜನ ಬೇರೆ ಕೆಲಸ ಮಾಡಲಿಲ್ಲ. ಒತ್ತಿದ್ದೇ ಒತ್ತಿದ್ದು. ಒತ್ತಿದ ಕೂಡಲೇ ಗಿಣ್ಣು ಕಣ್ಮರೆಯಾದರೆ, ಓ, ನಮ್ಮ ಮನೆಗೆ ಹೋಯಿತು ಎಂದುಕೊಂಡು ಮುಂದಿನದನ್ನು ಒತ್ತುತ್ತಿದ್ದರು. ಸಂಜೆ ನಾನು ನೋಡಿದಾಗ ಅಟ್ಟ ಗುಡಿಸಿ ಸಾರಿಸಿದಂತೆ ಖಾಲಿಯಾಗಿತ್ತು. ಎಲ್ಲರ ಮನೆಗೂ ಎಲ್ಲ ಹೋಗಿದೆ, ಈ ಊರು ಕೊನೆಗೂ ನನ್ನ ಮಾತು ಕೇಳಿತು ಎಂದುಕೊಂಡೆ.

ಬೆಳಿಗ್ಗೆ ಊರು ಗೆರೆಯಾಗಿ ಎದ್ದಿತು, ಗೆರೆಯಾಗಿಯೇ ಕೂತಿತು. ಕುಂಚಗಳೆಲ್ಲ ಅಟ್ಟಕ್ಕೆ ಹೋಗಿ ಬರಿಗೈಲಿ ಬಂದವು. ಇದ್ದ ಮೊಂಡು ಬಣ್ಣಗಳನ್ನೇ ಜನ ಬಳಿದುಕೊಂಡರು. ಊರೆಲ್ಲ ಶಿಶುವಿಹಾರದ ಗೋಡೆಯಂತಾಯಿತು. ಹಲಸಿನಹಣ್ಣೂ ಹಳದಿ, ಅಂಚೆಯವನ ಅಂಗಿಯೂ ಹಳದಿ, ಎರಡೂ ಒಂದೇ ಹಳದಿ. ಕಿರಾಣಿ ಅಂಗಡಿಯಲ್ಲಿ ಬೆಲ್ಲಕ್ಕೂ ಹುಣಸೆಹಣ್ಣಿಗೂ ವ್ಯತ್ಯಾಸ ತಿಳಿಯದೆ, ಒಬ್ಬರ ಮನೆಯ ಪಾಯಸ ಕುಡಿದವರ ಮುಖ ಮಧ್ಯಾಹ್ನದವರೆಗೂ ಸರಿಹೋಗಲಿಲ್ಲ. ಇನ್ನೊಂದು ಪ್ರತಿ ಇಟ್ಟಿರಲಿಲ್ಲವೇ ಎಂದು ಹೊರಗಿನವರು ಈಗಲೂ ಕೇಳುತ್ತಾರೆ. ಎಸ್ತರ್ ಮೇಡಮ್ ಇಟ್ಟಿದ್ದರು. ಅದನ್ನೂ ಅಟ್ಟದಲ್ಲೇ ಇಟ್ಟಿದ್ದರು, ‘ಇದನ್ನು ಮುಟ್ಟಬೇಡಿ’ ಅನ್ನುವ ಹೆಸರಿನಲ್ಲಿ. ಜನ ಎಲ್ಲಕ್ಕಿಂತ ಮೊದಲು ಒತ್ತಿದ್ದು ಅದನ್ನೇ.

ಪಾಲಾಕ್ಷನನ್ನು ಪೇಟೆ ಬೀದಿಯ ನಡುವೆ ಹಿಡಿದು ನಿಲ್ಲಿಸಿದೆ. ನಾಡಿದ್ದು ಮದುವೆ. ನಿನ್ನೆಯವರೆಗೂ ಗಿಣ್ಣು ಅಟ್ಟದಲ್ಲಿ ಎಲ್ಲೋ ಇದೆ ಅನ್ನುವ ಒಂದು ಆಸೆಯಾದರೂ ಇತ್ತು, ಈಗ ಅಟ್ಟವೇ ಬರಿದು. ತೆಗೆ ಎಂದರೆ ಏನು ಎಂದು ಕೇಳಿದೆ.

“ತೆಗೆ ಅಂದ್ರೆ ತೆಗೆ. ಕಸ ತೆಗೆ. ಮೂರು ಹೊತ್ತೂ ನೀನು ಬಾಯಿ ಬಿಟ್ರೆ ಅದೇ ಮಾತು ತಾನೆ?”

“ಬಾಗ್ಲು ತೆಗಿ ಅಂದ್ರೆ ಬಾಗ್ಲು ಕಿತ್ತು ತಿಪ್ಪೆಗೆ ಹಾಕ್ತೀಯಾ ಭಾವ?”

“ನೀನು ಬಾಗ್ಲು ಅಂತ ಬರ್ದಿರ್ಲಿಲ್ಲ.”

ಅವನು ಅಷ್ಟು ತಣ್ಣಗೆ ಹೇಳಿದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. ಇಂಥ ಮಂಕನಿಗೆ ನಮ್ಮಕ್ಕನನ್ನು ಕೊಡುವುದಿಲ್ಲ, ಮದುವೆ ನಿಂತಿತು ಎಂದು ಬೀದಿಗೆ ಕೇಳುವಂತೆ ಕೂಗಿದೆ. ಸುತ್ತ ನಿಂತವರೆಲ್ಲ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದರೆ ಅಕ್ಕ, ಮೊಂಡು ಕೆಂಪಿನ ಸೀರೆಯಲ್ಲಿ, ಕೈಯಲ್ಲಿ ತರಕಾರಿ ಚೀಲ. ಬಾಗಿಲು, ತಿಪ್ಪೆ, ಮಂಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಮದ್ವೆ ನಿಲ್ಸೋಕೆ ನೀನ್ಯಾರೋ? ಒಬ್ಬ ಅರ್ಧ ಬರೀತಾನೆ, ಇನ್ನೊಬ್ಬ ಅರ್ಧ ಓದ್ತಾನೆ. ಇಬ್ರೂ ಸೇರಿ ನನ್ನನ್ನ ಗೆರೆಸೀರೆಗೆ ತಂದಿಟ್ರಿ,” ಎಂದು ನಮ್ಮಿಬ್ಬರಿಗೂ ಮುಖ ತಿರುಗಿಸಿ ಹೋದಳು.

ನಾನು ಸಿಕ್ಕ ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತ ನೀರಿನ ಟ್ಯಾಂಕಿನವರೆಗೆ ಹೋಗಿ, ಅದರ ಕಟ್ಟೆಯ ಮೇಲೆ ಕೂತೆ. ಕಣ್ಣೆದುರಿಗೆ ಊರು ಬಿದ್ದಿತ್ತು. ಕೆಂಪಂದರೆ ಕೆಂಪು, ನೀಲಿಯಂದರೆ ನೀಲಿ, ಎಲ್ಲೂ ಒಂದು ನೆರಳಿಲ್ಲ, ಒಂದು ಹೊಳಪಿಲ್ಲ. ನೋಡಲಾಗದೆ ಕತ್ತು ಎತ್ತಿದೆ. ಟ್ಯಾಂಕಿನ ಪಕ್ಕದ ಮನೆಯ ಇಮಾಮ್ ಸಾಬರ ಮಾಳಿಗೆಯ ಮೇಲೆ ಅವರು ಸಾಕಿದ ಪಾರಿವಾಳಗಳು ಕಾಳು ಹೆಕ್ಕುತ್ತಿದ್ದವು. ಒಂದು ಹಕ್ಕಿ ತಲೆ ಎತ್ತಿತು. ಅದರ ಕತ್ತು ನೇರಳೆ. ಆಮೇಲೆ ಯಾವುದೋ ಸದ್ದಿಗೆ ಓರೆಯಾಗಿ ತಿರುಗಿತು. ಕತ್ತು ಹಸಿರು.

ಏಣಿಯನ್ನು ಹತ್ತಿದೆನೋ ಹಾರಿದೆನೋ ಗೊತ್ತಿಲ್ಲ. ಇಮಾಮ್ ಸಾಬರು ಮಾಳಿಗೆಯಲ್ಲಿ ಕುರ್ಚಿ ಹಾಕಿಕೊಂಡು, ತಮ್ಮ ಹಳೆಯ ಕಂಪ್ಯೂಟರನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಅವರು ಅಟ್ಟದ ಕಡೆ ತಲೆ ಹಾಕಿ ಎಷ್ಟೋ ಕಾಲವಾಗಿತ್ತಂತೆ, ಹೊಸ ಅಟ್ಟದ ಸುದ್ದಿಯೂ ಗೊತ್ತಿಲ್ಲ, ಊರಿನ ಬಣ್ಣ ಕೆಟ್ಟದ್ದಂತೂ ಕಣ್ಣಿಗೇ ಬಿದ್ದಿಲ್ಲ. ಅವರು ಪಾರಿವಾಳ ಬಿಟ್ಟು ಕೆಳಗೆ ನೋಡುವವರೇ ಅಲ್ಲ. ಅವರಿಗೆ ಬೇಕಾದದ್ದು ಒಂದೇ ಗಿಣ್ಣು, ಅದನ್ನು ಬೀಗದ ಕೈ ಗೊಂಚಲಿನ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದರು. ಅದರ ಹೆಸರು ಕೇಳಿದೆ.

“ಮುನಿಸು ಅಂತ. ಶೀಲವಂತಪ್ಪನೇ ಕೊಟ್ಟಿದ್ದಪ್ಪ. ಅವನ ಹೆಂಡ್ತಿ ಮುನಿಸ್ಕೊಂಡಾಗ ಎದುರಿಗೊಂದು ಬಣ್ಣ, ಓರೆಗೊಂದು ಬಣ್ಣ ಆಗ್ತಾಳೆ ಅಂತಿದ್ದ.”

ಇದನ್ನು ಅವನು ಸೀರೆಗೆಂದು ಮಾಡಿದ್ದು, ಊರೆಲ್ಲ ಹುಡುಕಿದೆ ಎಂದೆ.

“ಸೀರೆಗಾ?” ಸಾಬರು ಕೈಲಿದ್ದ ಕಾಳನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. “ನಾನು ಇಷ್ಟು ವರ್ಷ ಪಾರಿವಾಳಕ್ಕೇ ಮಾಡಿದ್ದು ಅಂದ್ಕೊಂಡಿದ್ದೆ. ಅದ್ರ ಮೇಲೆ ಏನೂ ಬರ್ದಿರ್ಲಿಲ್ವಲ್ಲಪ್ಪ.”

ಕೊಡಲು ಅವರದೇನೂ ತಕರಾರಿರಲಿಲ್ಲ. ಮದುವೆಯ ದಿನ ಹೆಣ್ಣಿನ ಮುಂದೆ ತಮ್ಮ ಹಕ್ಕಿಗಳು ಸಪ್ಪೆಯಾಗಿ ಕಾಣಬಾರದು, ಅವುಗಳಿಗೆ ಒಂದು ಕೈ ಹೆಚ್ಚಿಗೆ ಹೊಳಪು ನಾನೇ ಬಂದು ಹಾಕಬೇಕು ಅನ್ನುವುದೊಂದೇ ಷರತ್ತು. ಒಪ್ಪಿದೆ. ಪೆನ್ ಡ್ರೈವ್ ಮುಷ್ಟಿಯಲ್ಲಿ ಹಿಡಿದು ಏಣಿ ಇಳಿಯುವಾಗ ತಲೆಯಲ್ಲಿ ಬೇರೊಂದು ಓಡುತ್ತಿತ್ತು. ಇವರ ಹತ್ತಿರ ಒಂದು ಇದ್ದರೆ, ಇನ್ನೊಬ್ಬರ ಹತ್ತಿರ ಇನ್ನೊಂದು ಇದ್ದೀತು. ಪೇಟೆ ಬೀದಿಗೆ ಹೋಗಿ, ಮದುವೆ ನಿಂತಿತು ಎಂದು ಕೂಗಿದ ಜಾಗದಲ್ಲೇ ನಿಂತು, ಅದಕ್ಕಿಂತ ಜೋರಾಗಿ ಕೂಗಿದೆ. ಮದುವೆ ಇದೆ, ಹಳೇ ಗಿಣ್ಣು ಇಟ್ಟುಕೊಂಡವರೆಲ್ಲ ವಾಚನಾಲಯಕ್ಕೆ ಬನ್ನಿ.

ಬಂದರು. ಮೂಲೆಗೆ ಎಸೆದಿದ್ದ ಕಂಪ್ಯೂಟರನ್ನು ತಲೆಯ ಮೇಲೆ ಹೊತ್ತು ಬಂದವರಿದ್ದರು, ಪೆನ್ ಡ್ರೈವನ್ನು ತಾಳಿ ಸರದಲ್ಲಿ ಪೋಣಿಸಿಕೊಂಡಿದ್ದವರಿದ್ದರು. ಎಸ್ತರ್ ಮೇಡಮ್ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತು, ಎರಡು ಚಿತ್ರ ಮತ್ತು ಒಂದು ಮಾತು ಇಲ್ಲದ ಗಿಣ್ಣನ್ನು ಒಳಗೆ ಬಿಡುವುದಿಲ್ಲ ಎಂದರು. ಅವತ್ತು ಯಾರೂ ತಕರಾರು ಮಾಡಲಿಲ್ಲ. ಹಾಕುವ ಮುಂಚಿನ ಚಿತ್ರ ಬೇಕೆಂದರೆ ಕಿಟಕಿಯಾಚೆ ಇಡೀ ಊರು ಹಾಗೇ ಬಿದ್ದಿತ್ತಲ್ಲ. ಒಂದು ಚಿತ್ರ ಹಿಡಿಯುವುದು, ಗಿಣ್ಣು ಹಾಕುವುದು, ಇನ್ನೊಂದು ಹಿಡಿಯುವುದು. ಒಂದೊಂದು ಗಿಣ್ಣು ಮರಳಿದ ಹಾಗೂ ಬೀದಿಯಲ್ಲಿ ಒಂದೊಂದು ವಸ್ತು ಉಸಿರು ಬಂದಂತೆ ಏಳುತ್ತಿತ್ತು. ಅಲ್ಲಿ ಹುಣಸೆಹಣ್ಣು, ಇಲ್ಲಿ ಬೆಲ್ಲ.

ಮಾತು ಬರೆಯಲು ಕೂತಾಗ ಗುಟ್ಟುಗಳೆಲ್ಲ ಹೊರಗೆ ಬಂದವು. ನಾನು ಬೈದು ಬೈದು ಇಟ್ಟಿದ್ದ ‘ತಂಪು’ ಕೆರೆಕೋಡಿಯವರು ದಿನಾ ಮೆಟ್ಟಿಲಿಗೆ ಹಾಕುತ್ತಿದ್ದ ಪಾಚಿಯಂತೆ. ಜಾರುವ ಮೆಟ್ಟಿಲು ಯಾವುದೆಂದು ಅದರಿಂದಲೇ ತಿಳಿಯುವುದಂತೆ. ‘ಸೋಮಣ್ಣ ಕೇಳಿದ್ದು’ ಅನ್ನುವುದು ಮಾಸಲು ಖಾಕಿ, ಸೋಮಣ್ಣ ಯಾರೆಂದು ಯಾರಿಗೂ ಗೊತ್ತಿಲ್ಲ, ಆದರೆ ಊರಿನ ಗೋಣಿಚೀಲಗಳಿಗೆಲ್ಲ ಅದೇ. ಒಲೆಯ ಮಸಿಯ ಗಿಣ್ಣನ್ನು ಅಂಚೆಯವನು ತನ್ನ ಮೀಸೆಗೆ ಹಾಕುತ್ತಿದ್ದನೆಂದು ಎಲ್ಲರೆದುರಿಗೆ ಬರೆಸಬೇಕಾಗಿ ಬಂತು. ನನ್ನ ಕೈಯಲ್ಲಿ ಆಗಿದ್ದರೆ ಇವುಗಳಲ್ಲಿ ಅರ್ಧವನ್ನು ಎಸೆದೇಬಿಡುತ್ತಿದ್ದೆ. ಮೇಡಮ್ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಉಳಿದದ್ದು ಗುಂಡಿ. ಪಾಲಾಕ್ಷನೂ ನಾನೂ ಅಕ್ಕಪಕ್ಕ ಕೂತು ಖಾಲಿ ಗುಂಡಿಯನ್ನು ನೋಡುತ್ತಿದ್ದೆವು. ಅವನು ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. ಅಕ್ಕ ಅಲ್ಲಿದ್ದವರಿಗೆಲ್ಲ ಮಂಡಕ್ಕಿ ಹಂಚುತ್ತ ಬಂದಳು. ನಮ್ಮಿಬ್ಬರಿಗೆ ಮಾತ್ರ ಮುಖ ತೋರಿಸದೆ, ಪಕ್ಕದ ಗೋಡೆಗೆ ಹೇಳುವಂತೆ ಹೇಳಿದಳು.

“ಹಚ್ಚು ಅಂತ ಬರೀಬೇಕು. ಬಣ್ಣ ಹಚ್ಚೋದು ತಾನೆ. ಬೇಡಾದ್ರೆ ಒರಸು.”

“ಹಚ್ಚು ಅಂದ್ರೆ ತರಕಾರಿ ಹಚ್ಚೋದೂ ಆಗುತ್ತೆ,” ಎಂದ ಪಾಲಾಕ್ಷ. ಯಾರೂ ಕೇಳದೆ ಅವನಾಗಿ ಮಾತಾಡಿದ್ದಕ್ಕೆ ನಾನೇ ಬೆಚ್ಚಿದೆ.

“ಅಟ್ಟದಲ್ಲಿ ಬದ್ನೇಕಾಯಿ ಇಟ್ಟಿದೀರಾ?”

ಅವನು ‘ಹಚ್ಚು’ ಎಂದು ಬರೆದ. ಪಕ್ಕದಲ್ಲಿ, ನನ್ನನ್ನು ಒಂದು ಸಲ ನೋಡಿ, ಸಣ್ಣದಾಗಿ ‘ಒರಸು’ ಎಂದು ಬರೆದ. ಒರಸು ಒತ್ತಿದರೆ ಬಣ್ಣ ಒತ್ತಿದವರ ಮನೆಯಿಂದ ಮಾತ್ರ ಹೋಗಬೇಕು, ಅಟ್ಟದಿಂದಲ್ಲ ಎಂದೆ. ಅಷ್ಟು ಗೊತ್ತಾಗುತ್ತೆ ಎಂದು ತಲೆ ಆಡಿಸಿದ.

ಮದುವೆಯ ಬೆಳಿಗ್ಗೆ ಅಕ್ಕ ಗೆರೆಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕೂತಳು. ಮುನಿಸು ಹುಡುಕಿ, ಕೆಳಗಿದ್ದ ಪಾರಿವಾಳದ ಎರಡು ಚಿತ್ರಗಳನ್ನು ನೋಡಿ, ತಾನೇ ಹಚ್ಚು ಒತ್ತಿದಳು. ಸೆರಗಿನಿಂದ ಹೊರಟ ನೇರಳೆ ನೆರಿಗೆಯವರೆಗೆ ಹರಿಯಿತು. ಅವಳು ಎದ್ದು ತಿರುಗಿದಳು, ಹಸಿರಾಯಿತು. ಅಮ್ಮ ಹೆಸರು ಕೇಳಿ, ಹೌದು ಇದೇ ಎಂದಳು. ಅಪ್ಪ ಮತ್ತೆ ನಕ್ಕ. ಊಟದ ಹೊತ್ತಿನವರೆಗೂ ಅಮ್ಮ ಅವನ ಕಡೆ ತಿರುಗಲಿಲ್ಲ. ಚಪ್ಪರದಲ್ಲಿ ಬಂದವರೆಲ್ಲ ಎರಡೂ ಬಣ್ಣ ಕಾಣಲೆಂದು ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಮಾಡುತ್ತಿದ್ದರು. ಪಾಲಾಕ್ಷನೂ ಮಾಡುತ್ತಿದ್ದ. ತಾಳಿ ಕಟ್ಟುವಾಗಲಾದರೂ ನೆಟ್ಟಗೆ ನೋಡಪ್ಪ ಎಂದು ಹಿರಿಯರು ಗದರಿಸಬೇಕಾಯಿತು. ಮಾಳಿಗೆಯ ಅಂಚಿನಲ್ಲಿ ಸಾಲಾಗಿ ಕೂತ ಸಾಬರ ಹಕ್ಕಿಗಳೂ ಹಾಗೇ ಕತ್ತು ಹೊರಳಿಸುತ್ತಿದ್ದವು. ಅವಕ್ಕೆ ಒಂದು ಕೈ ಹೆಚ್ಚಿಗೆ ಹೊಳಪು ಹಾಕಿ ಬಂದಿದ್ದೆ.

ಕೆಲವು ವಾರದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಮನೆಗೆ ಹೋದರೆ, ಭಾವ ಅಂಗಳದಲ್ಲಿ ನಿಂತಿದ್ದ. ಬಾಗಿಲಿಗೆ ಒಳಗಿನಿಂದ ಚಿಲಕ. ಗಂಡ ಹೆಂಡತಿಗೆ ಯಾತಕ್ಕೋ ಜಗಳ. ಬಾಗಿಲು ತೆಗೆ ಎಂದು ಅವನು ಎಷ್ಟನೆಯ ಸಲವೋ ಕರೆದ.

“ಕಿತ್ತು ತಿಪ್ಪೆಗೆ ಹಾಕ್ಲಾ?” ಎಂದಳು ಅಕ್ಕ ಒಳಗಿನಿಂದ. “ಯಾವ ತೆಗೆ ಅಂತ ಸರಿಯಾಗಿ ಬರ್ಕೊಡಿ.”

ಭಾವ ನನ್ನ ಮುಖ ನೋಡಿದ. ನಾನು ಕಿಸೆಯಲ್ಲಿದ್ದ ಚೀಟಿ, ಪೆನ್ಸಿಲ್ ಕೊಟ್ಟೆ. ಅ‌ವನು ಬಹಳ ಯೋಚಿಸಿ, ದುಂಡಗೆ ‘ತೆರೆ’ ಎಂದು ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದ. ಒಳಗಿನಿಂದ ಮೊದಲು ಕೇಳಿಸಿದ್ದು ನಗು ತಡೆದುಕೊಂಡ ದನಿ, ಅದರ ಹಿಂದೆ ಚಿಲಕ ಸರಿದ ಸದ್ದು.

“ಸಮುದ್ರದ್ದಾ, ನಾಟಕದ್ದಾ?”